ಅಪ್ಪನ ಕಾಲದ ಮ್ಯಾಸ್ಸಿ, ಜಾತ್ರೆಯ ಸ್ಪರ್ಧೆ: ದುಡ್ಡು ಮೊದಲು ಎಲ್ಲಿಗೆ ಹಾಕಬೇಕು?

ಪ್ರಶ್ನೆ: ನಮ್ಮ ಮನೆಯಲ್ಲಿ ಅಪ್ಪ 1988ರಲ್ಲಿ ತಂದ ಮ್ಯಾಸ್ಸಿ ಫರ್ಗ್ಯುಸನ್ 1035 ಟ್ರ್ಯಾಕ್ಟರ್ ಇದೆ. ಉಳುಮೆಗೆ ಈಗ ಹೊಸ ಗಾಡಿ ಇದೆ, ಇದು ಶೆಡ್ಡಿನಲ್ಲಿ ನಿಂತಿದೆ. ನಮ್ಮೂರ ಜಾತ್ರೆಯಲ್ಲಿ ಮರಳು ತುಂಬಿದ ಟ್ರೈಲರ್ ಎಳೆಯುವ ಸ್ಪರ್ಧೆ ಇಡುತ್ತಾರೆ. ಜಾಸ್ತಿ ದೂರ ಎಳೆದವರು ಗೆದ್ದ ಹಾಗೆ. ಇದನ್ನೇ ರೆಡಿ ಮಾಡಿ ಇಳಿಸಬೇಕು ಅಂತ ಆಸೆ. ಟರ್ಬೊ ಕೂರಿಸಿ, ಪಂಪಿನಲ್ಲಿ ಡೀಸೆಲ್ ಜಾಸ್ತಿ ಮಾಡಿ, ಆರ್‌ಪಿಎಂ ಮೂವತ್ತು ಪರ್ಸೆಂಟ್ ಏರಿಸಿದರೆ ಸಾಕು ಅಂತ ಮೆಕ್ಯಾನಿಕ್ ಹೇಳುತ್ತಾರೆ. ಒಂದೂವರೆ ಲಕ್ಷ ಆಗುತ್ತದಂತೆ. ಮಾಡಿಸಬಹುದಾ?
(ಹೊಸಕೋಟೆ ತಾಲ್ಲೂಕಿನವರು, ಈಗ ಬೆಂಗಳೂರಿನಲ್ಲಿ ಕೆಲಸ)

ಉತ್ತರ: ಸದ್ಯಕ್ಕೆ ಬೇಡ. ಸ್ಪರ್ಧೆಗೆ ಇಳಿಯಬೇಡಿ ಅನ್ನುತ್ತಿಲ್ಲ, ಖಂಡಿತ ಇಳಿಯಿರಿ. ಅಪ್ಪ ಓಡಿಸಿದ ಗಾಡಿ ಊರವರ ಮುಂದೆ ಮತ್ತೆ ಎದ್ದು ನಿಲ್ಲುವುದು ದೊಡ್ಡ ಖುಷಿ. ಆದರೆ ಆ ಒಂದೂವರೆ ಲಕ್ಷವನ್ನು ಎಂಜಿನ್‌ಗೆ ಸುರಿಯುವ ಮೊದಲು ಒಂದು ಲೆಕ್ಕ ನೋಡಿ. ಹಾಳೆ, ಪೆನ್ನು ತಗೊಂಡು ನನ್ನ ಜೊತೆಗೇ ಬರೆಯುತ್ತಾ ಬನ್ನಿ.

ನಿಮ್ಮ ಎಂಜಿನ್ 35 ಎಚ್‌ಪಿ. ಗೇರು, ಆಕ್ಸೆಲ್, ಮಣ್ಣು ಎಲ್ಲವೂ ತಮ್ಮ ಪಾಲು ತಿಂದ ಮೇಲೆ ಹಿಂದಿನ ಹುಕ್ಕಿಗೆ 25 ಎಚ್‌ಪಿ ಸಿಕ್ಕಿತು ಅಂತ ಇಟ್ಟುಕೊಳ್ಳಿ. ಒಂದು ಎಚ್‌ಪಿ ಅಂದರೆ 75 ಕೆ.ಜಿ. ಬಲವನ್ನು ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಎಳೆಯುವ ಶಕ್ತಿ. 25 ಎಚ್‌ಪಿಗೆ 1,875 ಆಯಿತು. ಗಂಟೆಗೆ 3 ಕಿ.ಮೀ. ವೇಗದಲ್ಲಿ, ಅಂದರೆ ಸೆಕೆಂಡಿಗೆ 0.83 ಮೀಟರ್‌ನಲ್ಲಿ ಹೋದರೆ ಈ ಎಂಜಿನ್ ಸುಮಾರು 2,250 ಕೆ.ಜಿ. ಎಳೆತ ಕೊಡಬಲ್ಲದು.

ಈಗ ಟೈರಿನ ಕಡೆ ಬನ್ನಿ. ಗಾಡಿಯ ತೂಕ ಸುಮಾರು 1,700 ಕೆ.ಜಿ. ಅದರಲ್ಲಿ ಹಿಂದಿನ ಚಕ್ರಗಳ ಮೇಲೆ 1,080, ಮುಂದೆ 620 ಅಂತ ಹಿಡಿಯೋಣ. ಗಟ್ಟಿಯಾದ ಹೊಲದ ಮಣ್ಣಿನಲ್ಲಿ ಹಿಂದಿನ ಚಕ್ರದ ಮೇಲಿರುವ ತೂಕದ ಹೆಚ್ಚುಕಡಿಮೆ 65 ಪರ್ಸೆಂಟ್ ಮಾತ್ರ ಎಳೆತವಾಗಿ ಸಿಗುತ್ತದೆ. ಎಳೆಯುವಾಗ ಮುಂದಿನ ಭಾರ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ. ಅದನ್ನೂ ಸೇರಿಸಿದರೆ ಒಟ್ಟು 840 ಕೆ.ಜಿ. ಹತ್ತಿರ. ಅಷ್ಟಕ್ಕೇ ಚಕ್ರ ಇದ್ದಲ್ಲೇ ತಿರುಗಲು ಶುರು.

ಅಂದರೆ ಎಂಜಿನ್ 2,250 ಕೊಡುತ್ತೇನೆ ಅನ್ನುತ್ತದೆ, ಟೈರು 840ಕ್ಕೇ ಸಾಕು ಅನ್ನುತ್ತದೆ. ಇಂಥ ಗಾಡಿಗೆ ಇನ್ನೂ 15 ಎಚ್‌ಪಿ ಸೇರಿಸಿದರೆ ಏನಾಗುತ್ತದೆ? ಗುಂಡಿ ಇನ್ನೂ ಬೇಗ ತೋಡುತ್ತದೆ, ಅಷ್ಟೇ. ನಿಮ್ಮ ಸ್ಪರ್ಧೆ ದೂರದ್ದು, ಸಮಯದ್ದಲ್ಲ. ಅದಕ್ಕೆ ನಾನು ಒತ್ತಿ ಹೇಳುತ್ತಿರುವುದು: ನಿಮಗೆ ಕಡಿಮೆ ಇರುವುದು ಶಕ್ತಿ ಅಲ್ಲ, ಹಿಡಿತ.

ಹಾಗಾಗಿ ಮೊದಲ ಕೆಲಸ ವೇ ಬ್ರಿಡ್ಜ್. ಹೊಸಕೋಟೆ ಸುತ್ತ ಜಲ್ಲಿ ಲಾರಿ ತೂಗುವ ಎಷ್ಟೋ ವೇ ಬ್ರಿಡ್ಜ್ ಇವೆ. ಇಡೀ ಗಾಡಿ ಒಂದು ಸಲ, ಮುಂದಿನ ಚಕ್ರ ಮಾತ್ರ ಮೇಲಿಟ್ಟು ಒಂದು ಸಲ, ಹಿಂದಿನದು ಮಾತ್ರ ಇಟ್ಟು ಒಂದು ಸಲ ತೂಗಿಸಿ. ಡೀಸೆಲ್ ಫುಲ್ ಇರಲಿ, ಸೀಟಿನ ಮೇಲೆ ನೀವೇ ಕೂತಿರಿ. ಮೇಲೆ ನಾನು ಬರೆದ 1,080, 620 ಅನ್ನುವುದು ಅಂದಾಜು. ನಿಮ್ಮ ಗಾಡಿಯ ನಿಜವಾದ ಅಂಕಿ ಆ ಚೀಟಿಯಲ್ಲಿ ಇರುತ್ತದೆ. ಆ ಚೀಟಿ ಇಲ್ಲದೆ ಬಂಪರಿಗೆ ಕಬ್ಬಿಣ ನೇತು ಹಾಕಬೇಡಿ.

ತೂಕ ಹೆಚ್ಚಿಸುವ ಸುಲಭ ದಾರಿ ಹಿಂದಿನ ಟೈರಿಗೆ ನೀರು ತುಂಬಿಸುವುದು. 12.4-28 ಸೈಜಿನ ಟೈರಿಗೆ ಮುಕ್ಕಾಲು ಭಾಗ ತುಂಬಿದರೆ ಸುಮಾರು 150 ಲೀಟರ್ ಹಿಡಿಯುತ್ತದೆ. ಎರಡೂ ಟೈರಿಗೆ ಸೇರಿ 300 ಕೆ.ಜಿ. ಆಯಿತು. ಚಕ್ರವನ್ನು ಜಾಕ್ ಮೇಲೆ ಎತ್ತಿ, ವಾಲ್ವ್ ಮೇಲಕ್ಕೆ ಬರುವಂತೆ ತಿರುಗಿಸಿ, ನೀರು ವಾಲ್ವ್ ಮಟ್ಟಕ್ಕೆ ಬಂದಾಗ ನಿಲ್ಲಿಸಿ. ಉಳಿದ ಜಾಗಕ್ಕೆ ಗಾಳಿ ಇರಲೇಬೇಕು. ಚಳಿ ದೇಶಗಳಲ್ಲಿ ನೀರು ಹೆಪ್ಪುಗಟ್ಟದಿರಲಿ ಅಂತ ಅದಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುತ್ತಾರೆ, ಅದರಿಂದ ರಿಮ್ ತುಕ್ಕು ಹಿಡಿಯುತ್ತದೆ. ನಮಗೆ ಆ ತೊಂದರೆ ಇಲ್ಲ, ಬೋರ್‌ವೆಲ್ ನೀರೇ ಸಾಕು. ಇನ್ನೊಂದು ಅನುಕೂಲ ಇದೆ. ಟೈರಿನೊಳಗಿನ ನೀರಿನ ಭಾರ ನೇರ ನೆಲದ ಮೇಲೆ ಬೀಳುತ್ತದೆ, ಆಕ್ಸೆಲ್ ಬೇರಿಂಗ್ ಅದನ್ನು ಹೊರುವುದಿಲ್ಲ. 37 ವರ್ಷ ದಾಟಿದ ಆಕ್ಸೆಲ್‌ಗೆ ಇದು ದೊಡ್ಡ ಉಪಕಾರ.

ಇದರ ಮೇಲೆ ಎರಡೂ ಚಕ್ರಕ್ಕೆ 25 ಕೆ.ಜಿ.ಯ ಕಬ್ಬಿಣದ ತೂಕ ಒಂದೊಂದು ಬೋಲ್ಟ್ ಮಾಡಿದರೆ ಹಿಂದೆ 350 ಕೆ.ಜಿ. ಜಾಸ್ತಿ ಆಯಿತು. ಎಳೆತ 840ರಿಂದ 1,110 ಕೆ.ಜಿ. ಹತ್ತಿರಕ್ಕೆ ಏರುತ್ತದೆ. ಎಂಜಿನ್ನಿಗೆ ಸ್ಪ್ಯಾನರ್ ಮುಟ್ಟಿಸದೆ ಮೂರನೇ ಒಂದು ಭಾಗ ಜಾಸ್ತಿ! ಮತ್ತೆ ಅದೇ 1,875 ಅನ್ನು 1,110ರಿಂದ ಭಾಗಿಸಿ ನೋಡಿ. ಸೆಕೆಂಡಿಗೆ 1.7 ಮೀಟರ್, ಅಂದರೆ ಗಂಟೆಗೆ 6 ಕಿ.ಮೀ. ತನಕ ಈ ಎಳೆತಕ್ಕೆ ನಿಮ್ಮ ಹಳೇ ಎಂಜಿನ್ನೇ ಸಾಕು. ಮರಳಿನ ಟ್ರೈಲರನ್ನು ಅದಕ್ಕಿಂತ ಜೋರಾಗಿ ಯಾರು ಎಳೆಯುತ್ತಾರೆ?

1,110 ಅಂದರೆ ಎಷ್ಟು ಮರಳು ಅಂತ ಕೇಳಬಹುದು. ಸಡಿಲ ಮಣ್ಣಿನಲ್ಲಿ ಉರುಳುವ ಟ್ರೈಲರ್ ತನ್ನ ತೂಕದ ಹತ್ತನೇ ಒಂದು ಭಾಗದಷ್ಟು ಬಲ ಬೇಡುತ್ತದೆ ಅಂತ ಇಟ್ಟುಕೊಂಡರೆ, 10 ಟನ್‌ಗೆ 1,000 ಕೆ.ಜಿ. ಎಳೆತ ಬೇಕು. ಆದರೆ ಜಾಗ ಸ್ವಲ್ಪ ಏರು ಇದ್ದರೆ ಲೆಕ್ಕ ತಲೆಕೆಳಗು. ಇಪ್ಪತ್ತು ಅಡಿಗೆ ಒಂದು ಅಡಿ ಏರು ಇದ್ದರೂ ಅದೇ ಟ್ರೈಲರಿಗೆ ಇನ್ನೂ 500 ಕೆ.ಜಿ. ಬೇಕು. ಸ್ಪರ್ಧೆಗೆ ಒಂದು ವಾರ ಮೊದಲೇ ಆ ಮೈದಾನದಲ್ಲಿ ನಡೆದು ಬನ್ನಿ. ಮಣ್ಣನ್ನು ಕೈಯಲ್ಲಿ ಹಿಡಿದು ನೋಡಿ. ನಮ್ಮ ಕಡೆಯ ಕೆಂಪು ಮಣ್ಣು ಸ್ವಲ್ಪ ಹಸಿ ಇದ್ದಾಗ ಚೆನ್ನಾಗಿ ಹಿಡಿಯುತ್ತದೆ. ಒಣಗಿ ಮೇಲೆ ಸಣ್ಣ ಕಲ್ಲು ಎದ್ದಿದ್ದರೆ ಟೈರು ಗೋಲಿಯ ಮೇಲೆ ನಿಂತ ಹಾಗೆ ಜಾರುತ್ತದೆ. ಬಾಗಲಕೋಟೆ, ವಿಜಯಪುರ ಕಡೆಯ ಎರೆ ಮಣ್ಣಿನ ಕಥೆಯೇ ಬೇರೆ. ಅದು ಹಸಿ ಇದ್ದರೆ ಟೈರಿನ ಉಬ್ಬುಗಳ ಮಧ್ಯೆ ಮೆತ್ತಿಕೊಂಡು ಟೈರನ್ನೇ ನುಣ್ಣಗೆ ಮಾಡಿಬಿಡುತ್ತದೆ. ಅಲ್ಲಿಯವರು ಹೇಳಿದ ಸೆಟ್ಟಿಂಗ್ ಇಲ್ಲಿ ನಡೆಯುತ್ತದೆ ಅಂತ ನಂಬಬೇಡಿ.

ಟೈರಿನ ವಿಷಯ ಬೇಗ ಮುಗಿಸುತ್ತೇನೆ. ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿ ನೋಡಿ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಹತ್ತು ವರ್ಷ ದಾಟಿ ಬಿರುಕು ಬಿಟ್ಟಿದ್ದರೆ ಬದಲಿಸಿ. ನಿಮ್ಮ ಖರ್ಚಿನ ದೊಡ್ಡ ಪಾಲು ಇಲ್ಲಿಗೇ ಹೋಗಲಿ. ತಿರುಗುವ ದಿಕ್ಕಿನ ಬಾಣದ ಗುರುತು ಸರಿಯಾಗಿದೆಯಾ ನೋಡಿ. ಒಂದು ಸೈಜ್ ಅಗಲದ ಟೈರ್ ಹಾಕಬೇಕು ಅಂತಿದ್ದರೆ ಮೊದಲು ರಿಮ್ಮಿನ ಅಗಲ ಅದಕ್ಕೆ ಒಪ್ಪುತ್ತದಾ ಕೇಳಿ. ಗಾಳಿ ರೋಡಿಗೆ ಇಡುವಷ್ಟು ಬೇಡ. ಹೊಲಕ್ಕೆ ಇಡುವ ಹಾಗೆ 12ರಿಂದ 14 ಪೌಂಡ್ ಇದ್ದರೆ ಟೈರು ಅಗಲವಾಗಿ ಕೂರುತ್ತದೆ. ಅದಕ್ಕಿಂತ ಇಳಿಸಬೇಡಿ, ರಿಮ್ ಟೈರಿನೊಳಗೇ ಸುತ್ತಿ ಟ್ಯೂಬಿನ ವಾಲ್ವ್ ಕಿತ್ತುಬರುತ್ತದೆ.

ಈಗ ಹುಕ್ಕು. ದಯವಿಟ್ಟು ಈ ಭಾಗವನ್ನು ಎರಡು ಸಲ ಓದಿ.

ಹಿಂದೆ ಎಳೆಯುವ ಬಲ ನೆಲದಿಂದ ಎಷ್ಟು ಎತ್ತರದಲ್ಲಿದೆ ಅನ್ನುವುದರ ಮೇಲೆ ಮುಂದಿನ ಭಾರ ಎಷ್ಟು ಹಾರುತ್ತದೆ ಅನ್ನುವುದು ನಿಂತಿದೆ. ಎಳೆತವನ್ನು ಹುಕ್ಕಿನ ಎತ್ತರದಿಂದ ಗುಣಿಸಿ, ಮುಂದಿನ ಮತ್ತು ಹಿಂದಿನ ಆಕ್ಸೆಲ್ ನಡುವಿನ ಉದ್ದದಿಂದ ಭಾಗಿಸಿ. ನಿಮ್ಮ ಗಾಡಿಯಲ್ಲಿ ಆ ಉದ್ದ ಸುಮಾರು 1.8 ಮೀಟರ್. ಹುಕ್ಕು 45 ಸೆಂ.ಮೀ. ಎತ್ತರದಲ್ಲಿದ್ದರೆ 1,110 ಕೆ.ಜಿ. ಎಳೆತಕ್ಕೆ ಮುಂದಿನ ಆಕ್ಸೆಲ್ 277 ಕೆ.ಜಿ. ಕಳೆದುಕೊಳ್ಳುತ್ತದೆ. ಆಗ ಮುಂದೆ ಉಳಿಯುವುದು ಸುಮಾರು 340. ಸ್ಟಿಯರಿಂಗ್ ಮಾತು ಕೇಳಬೇಕಾದರೆ ಒಟ್ಟು ತೂಕದ ಐದರಲ್ಲಿ ಒಂದು ಭಾಗವಾದರೂ ಮುಂದೆ ಇರಬೇಕು. ಅದಕ್ಕೆ ಮುಂದೆ 90 ಕೆ.ಜಿ. ತೂಕ ಸೇರಿಸಿ. ಆಗ 430 ಕೆ.ಜಿ. ಉಳಿದು ಲೆಕ್ಕ ಸರಿ ಹೋಗುತ್ತದೆ.

ಅದೇ ಸರಪಳಿಯನ್ನು 80 ಸೆಂ.ಮೀ. ಎತ್ತರದಲ್ಲಿ, ಟಾಪ್ ಲಿಂಕ್ ಜಾಗಕ್ಕೆ, ಅಂದರೆ ನೇಗಿಲು ಕೂರಿಸುವ ಮೂರು ಪಾಯಿಂಟಿನಲ್ಲಿ ಮೇಲಿನದಕ್ಕೆ ಕಟ್ಟಿದರೆ? ಮುಂದಿನಿಂದ 490 ಕೆ.ಜಿ. ಹಾರಿಹೋಗುತ್ತದೆ. ಮುಂದೆ ತೂಕ ಸೇರಿಸದ ಗಾಡಿಯಲ್ಲಿ ಅಲ್ಲಿ ಉಳಿಯುವುದು 130 ಮಾತ್ರ. ಕ್ಲಚ್ ಪಟ್ಟಂತ ಬಿಟ್ಟರೆ ಬರುವ ಜರ್ಕ್ ಈ ಲೆಕ್ಕವನ್ನು ಸುಲಭವಾಗಿ ಮೀರುತ್ತದೆ. ಮುಂದಿನ ಚಕ್ರ ಎದ್ದ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಿ ಬೀಳಲು ಒಂದೂವರೆ ಸೆಕೆಂಡು ಸಾಕು. ಕಾಲು ಕ್ಲಚ್ ಹತ್ತಿರ ಹೋಗುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ನಾನು ಒಂದು ಸಲ ಇದನ್ನು ಹತ್ತಿರದಿಂದ ನೋಡಿದ್ದೇನೆ. ವರ್ಷಗಳ ಹಿಂದೆ ಒಂದು ಜಾತ್ರೆಯಲ್ಲಿ, ‘ಎತ್ತರಕ್ಕೆ ಕಟ್ಟಿದರೆ ಹಿಂದಿನ ಚಕ್ರಕ್ಕೆ ಭಾರ ಬರುತ್ತದೆ’ ಅಂತ ಯಾರೋ ಸಲಹೆ ಕೊಟ್ಟರು. ಆ ಮಾತಿನಲ್ಲಿ ಅರ್ಧ ಸತ್ಯ ಇದೆ, ಅದಕ್ಕೇ ಎಲ್ಲರೂ ಒಪ್ಪಿದರು. ನಾನೂ ಅಲ್ಲೇ ನಿಂತಿದ್ದೆ, ಬೇಡ ಅಂತ ಗಟ್ಟಿಯಾಗಿ ಹೇಳಲಿಲ್ಲ. ಗಾಡಿ ಎದ್ದಿತು. ಸರಪಳಿಯ ಒಂದು ಕೊಂಡಿ ಕಿತ್ತು ಬಂದಿದ್ದರಿಂದ ಮುಂದಿನ ಚಕ್ರ ಮತ್ತೆ ಕೆಳಗೆ ಬಿತ್ತು, ಓಡಿಸುತ್ತಿದ್ದ ಹುಡುಗ ಉಳಿದ. ಆ ಕೊಂಡಿ ಗಟ್ಟಿ ಇದ್ದಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಇವತ್ತಿಗೂ ಎದೆ ನಡುಗುತ್ತದೆ. ಅವತ್ತಿನಿಂದ ಹುಕ್ಕಿನ ಎತ್ತರವನ್ನು ಟೇಪಿನಲ್ಲಿ ಅಳೆಯದೆ ಯಾವ ಗಾಡಿಯನ್ನೂ ಮೈದಾನಕ್ಕೆ ಬಿಟ್ಟಿಲ್ಲ.

ಮ್ಯಾಸ್ಸಿ ಇಟ್ಟುಕೊಂಡವರಿಗೆ ಇಲ್ಲಿ ಒಂದು ತಪ್ಪು ನಂಬಿಕೆ ಇರುತ್ತದೆ. ನಿಮ್ಮ ಗಾಡಿಯ ಹೆಸರಿನಲ್ಲೇ ಇರುವ ಹ್ಯಾರಿ ಫರ್ಗ್ಯುಸನ್ 1920ರ ದಶಕದಲ್ಲಿ ರೂಪಿಸಿದ ಮೂರು ಪಾಯಿಂಟಿನ ಲಿಂಕೇಜ್ ಗಾಡಿ ಹಿಂದಕ್ಕೆ ಮಗುಚದಂತೆ ಕಾಪಾಡುತ್ತದೆ ಅನ್ನುವುದು ನಿಜ. ಆದರೆ ಅದು ನೇಗಿಲನ್ನು ಮೂರೂ ಪಾಯಿಂಟಿಗೆ ಕೂರಿಸಿದಾಗ ಮಾತ್ರ. ಆಗ ನೇಗಿಲು ಟಾಪ್ ಲಿಂಕ್ ಮೂಲಕ ಗಾಡಿಯ ಮೂತಿಯನ್ನು ಕೆಳಕ್ಕೆ ಒತ್ತುತ್ತದೆ. ಸರಪಳಿಗೆ ಒತ್ತಲು ಬರುವುದಿಲ್ಲ, ಎಳೆಯಲು ಮಾತ್ರ ಬರುತ್ತದೆ. ಟಾಪ್ ಲಿಂಕ್ ಜಾಗಕ್ಕೆ ಸರಪಳಿ ಕಟ್ಟಿದರೆ ಕಾಪಾಡಬೇಕಾದ ಜಾಗವೇ ಕೊಲ್ಲುವ ಜಾಗ ಆಗುತ್ತದೆ. ಹುಕ್ಕು ಯಾವಾಗಲೂ ಹಿಂದಿನ ಆಕ್ಸೆಲ್ ಮಟ್ಟಕ್ಕಿಂತ ಸಾಕಷ್ಟು ಕೆಳಗೆ, ಡ್ರಾಬಾರಿಗೇ (ಎಳೆಯಲು ಅಂತಲೇ ಹಿಂದೆ ಕೆಳಗೆ ಇರುವ ಪಟ್ಟಿಗೆ) ಇರಬೇಕು. ಈ ಆಟವನ್ನು ಕ್ರೀಡೆಯಾಗಿ ಬೆಳೆಸಿದ ಅಮೆರಿಕದಲ್ಲೂ ಹಳೇ ಟ್ರ್ಯಾಕ್ಟರುಗಳ ಸ್ಪರ್ಧೆಯಲ್ಲಿ ಹುಕ್ಕಿನ ಎತ್ತರಕ್ಕೆ ಸಾಮಾನ್ಯವಾಗಿ 20 ಇಂಚಿನ ಮಿತಿ ಇರುತ್ತದೆ. 20 ಇಂಚು ಅಂದರೆ ಸುಮಾರು 50 ಸೆಂ.ಮೀ.

ಗಾಡಿ ಮಗುಚಿದರೆ ಓಡಿಸುವವರನ್ನು ಕಾಪಾಡಲು ತಲೆಯ ಮೇಲೆ ಇರುವ ಕಬ್ಬಿಣದ ಕಮಾನು ನಿಮ್ಮ ಗಾಡಿಗೆ ಇರಲಿಕ್ಕಿಲ್ಲ. ಪೀಣ್ಯದ ಯಾವುದಾದರೂ ಒಳ್ಳೇ ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಮಾಡಿಸಬಹುದು ಅಂತ ನಿಮಗೆ ಅನ್ನಿಸಬಹುದು. ಅದಕ್ಕಿಂತ ಕಂಪನಿಯೇ ಪರೀಕ್ಷೆ ಮಾಡಿ ಮಾರುವ ಎರಡು ಕಂಬದ ಕಮಾನು ನಿಮ್ಮ ಆಕ್ಸೆಲ್‌ಗೆ ಕೂರುವ ಹಾಗಿದ್ದರೆ ಅದನ್ನೇ ತರಿಸಿ. ನೀರಿನ ಪೈಪ್ ಬಗ್ಗಿಸಿ ವೆಲ್ಡ್ ಮಾಡಿದ್ದು ನೋಡಲು ಚೆಂದ, ಗಾಡಿ ಬಿದ್ದಾಗ ಮಡಚಿಕೊಳ್ಳುತ್ತದೆ. ಕಮಾನು ಇದ್ದರೆ ಸೀಟ್ ಬೆಲ್ಟ್ ಹಾಕಲೇಬೇಕು. ಕಮಾನು ಇಲ್ಲದ ಗಾಡಿಯಲ್ಲಿ ಬೆಲ್ಟ್ ಕಟ್ಟಬಾರದು.

ಇಷ್ಟು ಆದ ಮೇಲೆ ಎಂಜಿನ್ ಬಗ್ಗೆ ಮಾತಾಡೋಣ. ಅದನ್ನು ಏರಿಸುವುದಲ್ಲ, ಅದು ಹುಟ್ಟಿದಾಗ ಇದ್ದ 35 ಎಚ್‌ಪಿಯನ್ನು ವಾಪಸ್ ತರುವುದು. ಅಷ್ಟು ವರ್ಷ ದುಡಿದ ಎಂಜಿನ್ನಿನಲ್ಲಿ ಒಂದಿಷ್ಟು ಎಚ್‌ಪಿ ಸೋರಿ ಹೋಗಿರುತ್ತದೆ. ಎಂಜಿನ್ ಬಿಸಿ ಮಾಡಿ, ಅದರ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನ ಹತ್ತಿರ ಕೈ ಹಿಡಿಯಿರಿ. ಬುಸ್ ಬುಸ್ ಅಂತ ಹೊಗೆ ಬಂದರೆ ರಿಂಗ್, ಲೈನರ್ ಸವೆದಿವೆ. ಸೈಲೆನ್ಸರಿನಲ್ಲಿ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಭಾರ ಬಿದ್ದಾಗ ದಟ್ಟ ಕಪ್ಪು ಹೊಗೆ ಬಂದರೆ ಗಾಳಿ ಸಾಲುತ್ತಿಲ್ಲ, ಇಲ್ಲವೇ ನಾಜಲ್ ಡೀಸೆಲನ್ನು ಸರಿಯಾಗಿ ಚಿಮ್ಮುತ್ತಿಲ್ಲ. ಆಯಿಲ್ ಬಾತ್ ಏರ್ ಕ್ಲೀನರ್ ಒಳಗೆ ಕೆಸರು ಕಟ್ಟಿದ್ದನ್ನು ತೊಳೆದಿದ್ದಕ್ಕೇ ಕಪ್ಪು ಹೊಗೆ ನಿಂತ ಗಾಡಿಗಳನ್ನು ನೋಡಿದ್ದೇನೆ.

ಪಂಪು, ನಾಜಲ್ ಎರಡನ್ನೂ ಬಿಚ್ಚಿ ಟೆಸ್ಟ್ ಬೆಂಚ್ ಇರುವ ಕಡೆ ಕೊಡಿ. ಬೆಂಗಳೂರಿನಲ್ಲಿ ಡೀಸೆಲ್ ಪಂಪ್ ಕೆಲಸ ಬಲ್ಲವರಿಗೆ ಬರ ಇಲ್ಲ. 1951ರಲ್ಲಿ ಶುರುವಾದ ಮೈಕೋ ಕಂಪನಿ ಅಡುಗೋಡಿಯಲ್ಲಿ ದಶಕಗಳ ಕಾಲ ಇಂಥ ಪಂಪು, ನಾಜಲ್ ತಯಾರಿಸಿತು. 2008ರಲ್ಲಿ ಅದರ ಹೆಸರು ಬಾಷ್ ಅಂತ ಆಯಿತು, ಆದರೂ ಹಳೇ ಕೈಗಳು ಇವತ್ತಿಗೂ ಮೈಕೋ ಅಂತಲೇ ಕರೆಯುತ್ತವೆ. ಕ್ಯಾಲಿಬ್ರೇಶನ್, ಅಂದರೆ ಪಂಪು ಕೊಡುವ ಡೀಸೆಲ್ಲಿನ ಹೊಂದಾಣಿಕೆ, ಟ್ರ್ಯಾಕ್ಟರ್ ಕಂಪನಿ ಹೇಳಿದ ಅಳತೆಗೇ ಇರಲಿ ಅಂತ ಬರೆದು ಕೊಡಿ. ‘ಸ್ವಲ್ಪ ಜಾಸ್ತಿ ಇಟ್ಟಿದ್ದೀನಿ ಸರ್’ ಅಂದರೆ ವಾಪಸ್ ಕಡಿಮೆ ಮಾಡಿಸಿ. ಮೂರು ಸಿಲಿಂಡರಿಗೂ ಸಮ ಡೀಸೆಲ್ ಹೋಗುವುದು ಮುಖ್ಯ. ಪಾರ್ಟ್ಸ್ ಚಿಂತೆ ಬೇಡ, 1035 ಇನ್ನೂ ತಯಾರಾಗುತ್ತಿರುವ ಗಾಡಿ. ಜೆ.ಸಿ. ರೋಡಿನಲ್ಲಿ ಒಂದು ಬೆಳಿಗ್ಗೆ ಸುತ್ತಿದರೆ ಬೇಕಾದ್ದು ಹೆಚ್ಚುಕಡಿಮೆ ಸಿಗುತ್ತದೆ. ಎಚ್‌ಎಂಟಿ ಟ್ರ್ಯಾಕ್ಟರ್ ಇಟ್ಟುಕೊಂಡವರ ಪಾಡು ಹಾಗಲ್ಲ. ಕಂಪನಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ, ಆದರೆ ಟ್ರ್ಯಾಕ್ಟರ್ ತಯಾರಾಗುತ್ತಿದ್ದುದು ಹರಿಯಾಣದ ಪಿಂಜೋರಿನಲ್ಲಿ, ಜೆಟರ್ ಅನ್ನುವ ವಿದೇಶಿ ಕಂಪನಿಯ ತಂತ್ರಜ್ಞಾನದಲ್ಲಿ. 2016ರಲ್ಲಿ ಆ ವಿಭಾಗ ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿತು. ಅವರು ಪಾರ್ಟ್ಸ್ ಹುಡುಕಿಟ್ಟುಕೊಂಡೇ ಸ್ಪರ್ಧೆಗೆ ಇಳಿಯಬೇಕು.

ನಿಮ್ಮ ಮೆಕ್ಯಾನಿಕ್ ಹೇಳಿದ ಮೂರು ಸಲಹೆಯಲ್ಲಿ ನನಗೆ ಜಾಸ್ತಿ ಭಯ ಹುಟ್ಟಿಸುವುದು ಆರ್‌ಪಿಎಂ ಏರಿಸುವುದು. ಪಿಸ್ಟನ್, ಕನೆಕ್ಟಿಂಗ್ ರಾಡ್, ಫ್ಲೈವೀಲ್ ಮೇಲೆ ಬೀಳುವ ಒತ್ತಡ ಸುತ್ತಿನ ಜೊತೆ ಸಮವಾಗಿ ಏರುವುದಿಲ್ಲ, ಅದರ ವರ್ಗದಷ್ಟು ಏರುತ್ತದೆ. 1.3 ಅನ್ನು 1.3ರಿಂದ ಗುಣಿಸಿ, 1.69. ಅಂದರೆ ಮೂವತ್ತು ಪರ್ಸೆಂಟ್ ವೇಗಕ್ಕೆ ಸುಮಾರು ಎಪ್ಪತ್ತು ಪರ್ಸೆಂಟ್ ಜಾಸ್ತಿ ಒತ್ತಡ. ಫ್ಲೈವೀಲ್ ಎರಕದ ಕಬ್ಬಿಣದ್ದು, ನಿಮ್ಮ ಕಾಲಿನ ಹತ್ತಿರವೇ ತಿರುಗುತ್ತಿರುತ್ತದೆ. ಅದರಲ್ಲಿ ಕಣ್ಣಿಗೆ ಕಾಣದ ಒಂದು ಬಿರುಕು ಇದ್ದರೆ ಒಡೆದ ಚೂರು ಗುಂಡಿನ ಹಾಗೆ ಹಾರುತ್ತದೆ. ಅಷ್ಟಕ್ಕೂ ಇಂಥ ಎಂಜಿನ್ನಿನ ಹೆಚ್ಚಿನ ಟಾರ್ಕ್, ಅಂದರೆ ತಿರುಗಿಸುವ ಬಲ, ಸಿಗುವುದು ಕಡಿಮೆ ಸುತ್ತಿನಲ್ಲೇ. ಭಾರ ಬಿದ್ದು ಸುತ್ತು ಇಳಿಯುತ್ತಾ ಹೋದಾಗ ಅದು ಹಲ್ಲು ಕಚ್ಚಿ ಎಳೆಯುವ ಸದ್ದು ನಿಮಗೂ ಗೊತ್ತಿರುತ್ತದೆ, ಅಲ್ವಾ?

ಎಂಜಿನ್ನಿಗೆ ಜಾಸ್ತಿ ಗಾಳಿ ತಳ್ಳುವ ಟರ್ಬೊ ಬೇಡ ಅನ್ನುವುದಕ್ಕೆ ಕಾರಣ ಬೇರೆ. ಟರ್ಬೊ ಎಂಜಿನ್ನುಗಳಲ್ಲಿ ಪಿಸ್ಟನ್, ಅದರ ಕೆಳಗೆ ಆಯಿಲ್ ಚಿಮ್ಮುವ ವ್ಯವಸ್ಥೆ, ಗ್ಯಾಸ್ಕೆಟ್, ರೇಡಿಯೇಟರ್ ಎಲ್ಲ ಆ ಬಿಸಿಗೆ ಅಂತಲೇ ಮಾಡಿರುತ್ತಾರೆ. ನಿಮ್ಮದರಲ್ಲಿ ಅದು ಯಾವುದೂ ಇಲ್ಲ. ಹತ್ತಿರದವರ ಗಾಡಿಯೊಂದಕ್ಕೆ ಹೀಗೆ ಕೂರಿಸಿದ್ದರು. ಮೊದಲ ಎರಡು ಎಳೆತ ಜೋರಾಗಿತ್ತು, ಮೂರನೆಯದಕ್ಕೆ ನಡುವಿನ ಪಿಸ್ಟನ್ ತಲೆ ಬಿರಿಯಿತು. ಎಂಜಿನ್ ಗಟ್ಟಿ ನಿಂತರೂ ಹೆಚ್ಚಿನ ಬಲ ಮುಂದಕ್ಕೆ ಕ್ಲಚ್, ಗೇರು, ಕ್ರೌನ್ ಪಿನಿಯನ್, ಹಾಫ್ ಶಾಫ್ಟ್‌ಗೆ ಹೋಗುತ್ತದೆ. ಎಲ್ಲೋ ಒಂದು ಕಡೆ ಮುರಿಯಲೇಬೇಕು. ಎಚ್‌ಪಿ ಬದಲಾಗುವ ಹಾಗೆ ಎಂಜಿನ್ ಮಾರ್ಪಡಿಸಿದರೆ ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಅಡ್ಡ ಬರುತ್ತದೆ. ಆರ್‌ಸಿಯಲ್ಲಿ ಇರುವ ವಿವರಕ್ಕೂ ಗಾಡಿಗೂ ತಾಳೆ ಇಲ್ಲದಿದ್ದರೆ ಇನ್ಶೂರೆನ್ಸ್ ಕೇಳುವಾಗಲೂ ಕಷ್ಟ. ಜಾತ್ರೆ ಮೈದಾನಕ್ಕೆ ಅದೇ ಗಾಡಿಯನ್ನು ರೋಡಿನ ಮೇಲೆ ಓಡಿಸಿಕೊಂಡೇ ಹೋಗುತ್ತೀರಿ ತಾನೇ?

ಎಂಜಿನ್ ರಿಪೇರಿಯ ಜೊತೆಗೇ ಕ್ಲಚ್ ಪ್ಲೇಟ್ ನೋಡಿಸಿ. ಬ್ರೇಕ್ ಎರಡೂ ಕಡೆ ಸಮ ಹಿಡಿಯಲಿ, ಎರಡು ಪೆಡಲ್ ಸೇರಿಸುವ ಕೊಂಡಿ ಕೆಲಸ ಮಾಡಲಿ. ಆಕ್ಸೆಲ್ ಸೀಲ್ ಸೋರಿ ಬ್ರೇಕಿಗೆ ಆಯಿಲ್ ಬರುತ್ತಿದ್ದರೆ ಮೊದಲು ಅದನ್ನು ಸರಿ ಮಾಡಿಸಿ. ಇನ್ನೊಂದು ಚಿಕ್ಕ ಕೆಲಸ: ಎಂಜಿನ್ ತನ್ನ ಆಯಿಲನ್ನೇ ಹೀರಿ ಓಡಲು ಶುರು ಮಾಡಿದರೆ ಡೀಸೆಲ್ ಬಂದ್ ಮಾಡಿದರೂ ನಿಲ್ಲುವುದಿಲ್ಲ. ಗಾಳಿ ಬಂದ್ ಮಾಡಬೇಕು. ಏರ್ ಕ್ಲೀನರ್ ಪೈಪಿಗೆ ಸೀಟಿನಿಂದಲೇ ಎಳೆಯುವ ಒಂದು ಮುಚ್ಚಳ ಹಾಕಿಸಿಕೊಳ್ಳಿ.

ಓಡಿಸುವ ರೀತಿ ಬಗ್ಗೆ ಎರಡು ಮಾತು. ಮೊದಲು ಸರಪಳಿ ಬಿಗಿಯಾಗುವಷ್ಟು ನಿಧಾನ ಮುಂದೆ ಬನ್ನಿ, ನಿಲ್ಲಿ. ಲೋ ರೇಂಜಿನಲ್ಲಿ ಎರಡನೇ ಗೇರಿನಿಂದ ಶುರು ಮಾಡಿ. ಕ್ಲಚ್ ಪೂರ್ತಿ ಬಿಟ್ಟ ಮೇಲೆ ಆಕ್ಸಿಲರೇಟರ್ ಏರಿಸಿ, ಅರ್ಧ ಕ್ಲಚ್ಚಿನಲ್ಲಿ ಎಳೆಯಬೇಡಿ. ಚಕ್ರ ಸ್ವಲ್ಪ ಜಾರುವುದು ಸಹಜ. ಟ್ರ್ಯಾಕ್ಟರ್ ಪರೀಕ್ಷೆಯಲ್ಲೂ 15 ಪರ್ಸೆಂಟ್ ಜಾರುವಿಕೆಯನ್ನು ಮಿತಿಯಾಗಿ ಇಟ್ಟುಕೊಂಡೇ ಎಳೆತ ಅಳೆಯುತ್ತಾರೆ. ಅದಕ್ಕಿಂತ ತುಂಬಾ ಜಾಸ್ತಿ ಜಾರುತ್ತಿದೆ ಅನ್ನಿಸಿದರೆ ಆಕ್ಸಿಲರೇಟರ್ ಇಳಿಸಿ, ಹಿಡಿತ ವಾಪಸ್ ಬರುತ್ತದೆ. ಜನ ಕೂಗುತ್ತಿರುವಾಗ ಏರಿಸಲು ಕೈ ತುಡಿಯುತ್ತದೆ, ತಡೆದುಕೊಳ್ಳಿ. ಮುಂದಿನ ಚಕ್ರ ಹಗುರ ಆಯಿತು ಅನ್ನಿಸಿದ ಕ್ಷಣ ಕ್ಲಚ್ ಒತ್ತಿ. ಹಿಂದಿನ ಎರಡೂ ಚಕ್ರವನ್ನು ಒಟ್ಟಿಗೇ ತಿರುಗಿಸುವ ಡಿಫರೆನ್ಷಿಯಲ್ ಲಾಕ್ ಇದ್ದರೆ ನೇರ ಹೋಗುವಾಗ ಮಾತ್ರ ಬಳಸಿ. ಕಟ್ಟಲು ಒಳ್ಳೇ ದಪ್ಪದ ಸರಪಳಿ ಅಥವಾ ಗಟ್ಟಿ ಪಿನ್ ಇರಲಿ. ನೈಲಾನ್ ಹಗ್ಗ ಹಿಗ್ಗಿ ಕಿತ್ತರೆ ಚಾಟಿಯ ಹಾಗೆ ಬೀಸುತ್ತದೆ. ಸರಪಳಿಯ ಅಕ್ಕಪಕ್ಕ ಮಕ್ಕಳು ನಿಂತಿದ್ದರೆ ಗಾಡಿ ಸ್ಟಾರ್ಟ್ ಮಾಡಬೇಡಿ. ಇದನ್ನು ಸಮಿತಿಯವರು ನೋಡಿಕೊಳ್ಳಲಿ ಅಂತ ಬಿಡಬೇಡಿ.

ಜಾತ್ರೆಗೆ ಮೊದಲು ನಿಮ್ಮ ಹೊಲದಲ್ಲೇ ಅಭ್ಯಾಸ ಮಾಡಿ. ಮೊದಲ ದಿನ ಟ್ರೈಲರಿಗೆ ಅರ್ಧ ಮರಳು ಸಾಕು. ಎಂಜಿನ್ನಿಗೆ ಹೊಸ ರಿಂಗ್ ಹಾಕಿಸಿದ್ದರೆ ಅದು ಕೂರಲು ಕಡಿಮೆ ಭಾರದಲ್ಲಿ ಕೆಲವು ದಿನ ಓಡಿಸಿ, ಆಯಿಲ್ ಬದಲಿಸಿ, ಆಮೇಲೆ ಪೂರ್ತಿ ಭಾರ ಹಾಕಿ. ಸಾಧ್ಯವಾದರೆ ಅಪ್ಪನನ್ನು ಹೊಲದ ಬದುವಿನ ಮೇಲೆ ಕೂರಿಸಿಕೊಳ್ಳಿ. ಅಷ್ಟು ವರ್ಷ ಆ ಎಂಜಿನ್ ಸದ್ದು ಕೇಳಿದ ಕಿವಿಗೆ ಎಲ್ಲಿ ಏನು ಸರಿ ಇಲ್ಲ ಅನ್ನುವುದು ನಮ್ಮ ನಿಮ್ಮೆಲ್ಲರಿಗಿಂತ ಮೊದಲು ಗೊತ್ತಾಗುತ್ತದೆ.

ಈ ವಾರ ಆಗಬೇಕಾದ್ದು ವೇ ಬ್ರಿಡ್ಜ್ ಕೆಲಸ ಮಾತ್ರ. ಚೀಟಿ ಕೈಗೆ ಬಂದ ಮೇಲೆ ಮುಂದಿನ ತೂಕ, ಹಿಂದಿನ ತೂಕ, ನೆಲದಿಂದ ಹುಕ್ಕಿನ ಎತ್ತರ, ಹಿಂದಿನ ಟೈರಿನ ಸೈಜ್ ಇಷ್ಟನ್ನೂ ಬರೆದು ಕಳಿಸಿ. ಜೊತೆಗೆ ಸಮಿತಿಯವರ ನಿಯಮದ ಹಾಳೆಯ ಫೋಟೊ ಇರಲಿ, ಕೆಲವು ಕಡೆ ಒಟ್ಟು ತೂಕಕ್ಕೆ ಮಿತಿ ಇಡುತ್ತಾರೆ. ಯಾವ ಕಡೆ ಎಷ್ಟು ಕೆ.ಜಿ. ಹಾಕಬೇಕು ಅಂತ ನಿಮ್ಮ ಗಾಡಿಯದೇ ಅಂಕಿಯಲ್ಲಿ ಲೆಕ್ಕ ಮಾಡಿ ಕೊಡುತ್ತೇನೆ.